ಗಂಟೆಯಿಲ್ಲದ ಬೆಳಗು

ಸೇಡಂ
೧೪ ನವೆಂಬರ್ ೨೦೨೪

ಅವ್ವನಿಗೆ, ನಿನ್ನ ಶ್ರುತಿಯ ಶರಣು.

ಪತ್ರ ತಡವಾಯಿತು, ಸಿಟ್ಟಾಗಬೇಡ. ದೀಪಾವಳಿ ಮುಗಿಸಿ ಬಂದ ವಾರವೇ ಶುರು ಮಾಡಿದ್ದೆ. ಮೊದಲ ಹಾಳೆ ಫಿಸಿಕ್ಸ್ ರೆಕಾರ್ಡಿನೊಳಗೆ ಸಿಕ್ಕಿತು, ಎರಡನೆಯದು ಇನ್ನೂ ಸಿಕ್ಕಿಲ್ಲ. ಫೋನಿನಲ್ಲಿ ಹೇಳಲು ಹೋದರೆ ನೀನು ನಡುವೆ ಬಾಯಿ ಹಾಕುತ್ತೀ, ನಾನು ಅಳುತ್ತೇನೆ.

ಮೊನ್ನೆ ಕೇಳಿದೆಯಲ್ಲ, "ಹಾಸ್ಟೆಲ್‌ನ್ಯಾಗ ಏಳು ವರ್ಷ ಐದಕ್ಕ ಎದ್ದಾಕಿ ನೀ. ಈಗೇನು ರೋಗ ಬಂದದ?" ಅಂತ. ಅವ್ವ, ಅಲ್ಲಿ ನಾನು ಏಳುತ್ತಿರಲಿಲ್ಲ, ಗಂಟೆ ಎಬ್ಬಿಸುತ್ತಿತ್ತು. ಸ್ನಾನಕ್ಕೆ ಗಂಟೆ, ಪೂಜೆಗೆ ಗಂಟೆ, ಊಟಕ್ಕೆ ಗಂಟೆ. ಈ ಬಾಡಿಗೆ ಕೋಣೆಯಲ್ಲಿ ಗಂಟೆಯೇ ಇಲ್ಲ. ಕಲಬುರಗಿಯ ಡಾಕ್ಟರು ಇದು ಎಡಿಎಚ್‌ಡಿ, ಗಮನ ಒಂದೆಡೆ ನಿಲ್ಲದ ತೊಂದರೆ ಅಂದಾಗ ಕಾಕಾ ನಕ್ಕುಬಿಟ್ಟರು: "ಸೋಮಾರಿತನಕ್ಕ ಇಂಗ್ಲಿಷ್‌ನ್ಯಾಗ ಭಾಳ ಛಂದ ಹೆಸರಿಟ್ಟಾರ!" ಸೋಮಾರಿಗೆ ಇಷ್ಟು ದಣಿವಾಗುತ್ತದೆಯೇ?

ನಿನ್ನೆಯದೇ ಕೇಳು. ಆರಕ್ಕೆ ಅಲಾರಂ. ನಲ್ಲಿ ಕೆಳಗೆ ಬಕೆಟ್ ಇಟ್ಟು ಟವೆಲ್ ತರಲು ಬಂದೆ. ಟವೆಲ್ ಕೆಳಗೆ ಲ್ಯಾಬ್ ಕೋಟು, ಅದರ ಗುಂಡಿ ಕಿತ್ತುಹೋಗಿತ್ತು. ಸೂಜಿ ಹುಡುಕಿದೆ. ಸೂಜಿ ಡಬ್ಬಿಯಲ್ಲಿ ನೀನು ಬರೆದುಕೊಟ್ಟ ಟೈಮ್‌ಟೇಬಲ್ ಸಿಕ್ಕಿತು. ಅದಕ್ಕೆ ಬಣ್ಣ ಹಚ್ಚುತ್ತ ಕೂತೆ. ರೂಂಮೇಟ್ ಶೈಸ್ತಾ ಕಿರುಚಿದಳು: "ಏ ಹುಚ್ಚಿ, ನೀರು ವರಾಂಡಕ್ಕ ಬಂದಾವ! ಟೈಮ್‌ಟೇಬಲ್‌ಗೆ ಮೆಹಂದಿ ಹಚ್ಚಾಕತ್ತೀಯೇನು?" ಏಳೂವರೆಗೆ ನಿನ್ನ ಫೋನು ಬಂತು, "ಪೂಜಿ ಆಯ್ತೇನವ್ವಾ?" ಆಗಿನ್ನೂ ನನಗೆ ಸ್ನಾನವೇ ಆಗಿರಲಿಲ್ಲ. ಮೊದಲ ಕ್ಲಾಸೂ ತಪ್ಪಿತು.

ಏನು ಮಾಡಬೇಕೆಂದು ನನಗೆ ಗೊತ್ತು, ಮನಸ್ಸೂ ಇದೆ. ನಿಮಗೆಲ್ಲ ದಿನಾ ನಡೆದರೆ ಕಾಲಿಗೇ ದಾರಿ ಗೊತ್ತಾಗುತ್ತದೆ. ನನಗೆ ದಿನಾ ಹೊಸ ಊರು. ಇನ್ನೊಂದು ಟೈಮ್‌ಟೇಬಲ್ ಮಾತ್ರ ಕಳಿಸಬೇಡ, ಕೈ ಮುಗಿಯುತ್ತೇನೆ.

"ಸೋಮವಾರ ಬರ್ತೀನಿ, ಇಬ್ಬರೂ ಕೂಡಿ ಲಿಂಗಪೂಜಿ ಮಾಡಿ ಆಮ್ಯಾಲ ನಾಷ್ಟಾ ಮಾಡೂಣು" ಎಂದಿದ್ದೀ. ಬಾ. ಅದಕ್ಕೂ ಮೊದಲು ಇದನ್ನು ಓದು ಅಂತಲೇ ಚಿಂಚೋಳಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಕಾಕಾಗೆ ತೋರಿಸಬೇಡ. ನಿನ್ನ ಮೊಣಕಾಲಿಗೆ ಎಣ್ಣೆ ಹಚ್ಚಿಕೋ. ನನ್ನ ತಲೆ ಮೇಲೆ ನಿನ್ನ ಕೈ ಇರಲಿ.

ನಿನ್ನ ಮಗಳು,
ಶ್ರುತಿ

ತಾ.ಕ.: ನನ್ನ ಕೊರಳಿನ ಇಷ್ಟಲಿಂಗದ ಕರಡಿಗೆ ಖಾಲಿ ಇದೆ, ಅವ್ವ. ಒಂಬತ್ತು ದಿನದ ಹಿಂದೆ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತಾಗ ಒಲೆಯ ಮೇಲೆ ಹಾಲು ಉಕ್ಕಿತು. ಲಿಂಗವನ್ನು ಎಲ್ಲೋ ಇಟ್ಟು ಎದ್ದೆ. ಎಲ್ಲೋ. ಶೈಸ್ತಾ ಅಕ್ಕಿಯನ್ನೂ ಸುರುವಿ ನೋಡಿದಳು, ಸಿಗಲಿಲ್ಲ. ಅಂದಿನಿಂದ ದಿನಾ ಏಳೂವರೆಗೆ ನೀನು ಕೇಳುತ್ತೀ, ನಾನು "ಆಯ್ತವ್ವ" ಎನ್ನುತ್ತೇನೆ. ಅದೊಂದು ಮಾತ್ರ ಒಂದು ದಿನವೂ ತಪ್ಪಿಲ್ಲ.