ಬೆನ್ನಿನ ನೀರು

ಬ್ಲಾಂಟೈರ್, ದೊಡ್ಡಾಸ್ಪತ್ರೆಯ ಅಡುಗೆ ಚಪ್ಪರ
ಗುರುವಾರ, ೧೮ ಜುಲೈ ೨೦೨೪

ತಂಗಿ ಎನಿಫಾ,

ಯೇಸುವಿನ ಸಮಾಧಾನ ನಿನ್ನೊಂದಿಗಿರಲಿ. ಹತ್ತು ದಿನದಿಂದ ಫೋನಿನಲ್ಲಿ "ಮಗು ಮಲಗಿದ್ದಾಳೆ, ಆಮೇಲೆ ಮಾತಾಡು" ಎಂದು ತಳ್ಳುತ್ತಾ ಬಂದೆ, ಕ್ಷಮಿಸು. ಫೋನಿನಲ್ಲಿ ಹೇಳುವ ಮಾತಲ್ಲ ಇದು. ಜೋಹಾನ್ಸ್‌ಬರ್ಗಿಗೆ ಹೋಗುವ ಬಸ್ಸಿನ ಡ್ರೈವರ್ ನಮ್ಮ ಸಭೆಯವನೇ. ಅವನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ನೀನು ಕೆಲಸ ಮಾಡುವ ಮನೆಯ ಯಜಮಾನಿ ಎದುರಿಗಿರುವಾಗ ಒಡೆಯಬೇಡ.

ನಿನ್ನ ಮಗಳು ತಕೋಂಡ್ವಾ ಬದುಕಿದ್ದಾಳೆ. ಮೊದಲು ಅದನ್ನು ಹೇಳಿಬಿಡುತ್ತೇನೆ. ಆದರೆ ಅವಳ ಕಣ್ಣು ಹೋಗಿದೆ ಎನಿಫಾ. ಎರಡೂ.

ವರ್ಷದಿಂದ ಅವಳು ಏಡ್ಸ್ ಮಾತ್ರೆ ನುಂಗಿರಲಿಲ್ಲವಂತೆ. ಹೊಸ ಗಂಡನಿಗೆ ತಿಳಿಯಬಾರದೆಂದು ಡಬ್ಬಿಯನ್ನು ಹಿಟ್ಟಿನ ಮೂಟೆಯಲ್ಲಿ ಹೂತಿಟ್ಟು, ಕೊನೆಗೆ ಬಿಟ್ಟೇಬಿಟ್ಟಳು. ಎತ್ತಿ ಆಡಿಸಿ ಬೆಳೆಸಿದ ನನಗೇ ಗೊತ್ತಾಗಲಿಲ್ಲ. ಮೂರು ವಾರ ತಲೆನೋವು, ವಾಂತಿ. ಎಂಟನೇ ತಾರೀಖು ಸೋಮವಾರ ಬೆಳಿಗ್ಗೆ ಇಲ್ಲಿಗೆ ತಂದೆವು. ಬೆರಳು ಚುಚ್ಚಿ ಒಂದು ತೊಟ್ಟು ರಕ್ತ ನೋಡಿ, ತಲೆಯೊಳಗೆ ಬೂಷ್ಟು ಬೆಳೆದಿದೆ ಎಂದರು. ಹಳೇ ಜೋಳಕ್ಕೆ ಹಿಡಿಯುವಂಥದ್ದಲ್ಲ, ಹಕ್ಕಿ ಹಿಕ್ಕೆಯ ಧೂಳಿನಲ್ಲಿ ಇರುವಂಥದ್ದಂತೆ.

ಇಲ್ಲೊಬ್ಬ ಚಿಕ್ಕ ಡಾಕ್ಟರ್ ಇದ್ದಾನೆ, ಚಿಕೋಪಾ ಅಂತ. ಹಳದಿ ಔಷಧಿಯ ಚೀಲ ನೇತುಹಾಕುತ್ತಾ ಅವನೇ ಬಿಡಿಸಿ ಹೇಳಿದ.

"ಅಮ್ಮಾ, ಆ ಬೂಷ್ಟಿನ ಮೈಗೆ ಅದರದ್ದೇ ಒಂದು ಜಿಡ್ಡಿರುತ್ತೆ. ಆ ಜಿಡ್ಡಿಲ್ದೆ ಅದರ ಚರ್ಮ ನಿಲ್ಲಲ್ಲ. ಈ ಔಷಧಿ ಅದನ್ನೇ ಹುಡುಕ್ಕೊಂಡು ಹೋಗಿ ಅಂಟ್ಕೊಂಡು ತೂತು ಹಾಕುತ್ತೆ. ಒಳಗಿರೋದೆಲ್ಲ ಸೋರಿ ಅದು ಸಾಯುತ್ತೆ."

"ನಮ್ಮ ಮೈಯಲ್ಲೂ ಜಿಡ್ಡಿದೆಯಲ್ಲಪ್ಪಾ. ನನ್ನ ಸೊಂಟ ನೋಡು."

ಅವನು ನಕ್ಕ. "ಇದೆ ಇದೆ. ಎರಡೂ ದಾಯಾದಿಗಳೇ, ಆದ್ರೆ ಒಂದೇ ಅಲ್ಲ. ಬರೀ ಔಷಧಿ ಕೊಟ್ಟರೆ ಕೆಲವು ಸಲ ಗುರುತು ತಪ್ಪಿ ನಮ್ಮ ಮೂತ್ರಪಿಂಡಕ್ಕೂ ಹೊಡೆಯುತ್ತೆ. ಅದಕ್ಕೇ ಇದನ್ನ ಕೊಬ್ಬಿನ ಸಣ್ಣ ಸಣ್ಣ ಗುಳ್ಳೆಯೊಳಗೆ ಸುತ್ತಿ ಕಳಿಸಿದಾರೆ. ಒಂದೇ ಸಲ ಸಾಕು. ಮಿಕ್ಕಿದ್ದು ಮಾತ್ರೆ."

ಕಡಲೆಕಾಯಿ ಎಣ್ಣೆ ತೆಗೆದು ಬದುಕಿದ ಕೈ ನನ್ನದು. ಜಿಡ್ಡಿನ ಮಾತು ನನಗೆ ತಿಳಿಯಿತು. ಜಿಡ್ಡಿಗೊಂದು ಜಿಡ್ಡಿನಿಂದಲೇ ಮದ್ದು ಕೊಟ್ಟ ದೇವರನ್ನು ಅಲ್ಲೇ ಮೊಣಕಾಲೂರಿ ಸ್ತುತಿಸಿದೆ. ಅಷ್ಟರಲ್ಲಿ ಅವನು ಇನ್ನೊಂದು ಮಾತು ಹೇಳಿದ. ಔಷಧಿ ಬೂಷ್ಟನ್ನು ಕೊಲ್ಲುತ್ತದೆ, ಆದರೆ ತಲೆಯೊಳಗೆ ಕಟ್ಟಿಕೊಂಡ ನೀರನ್ನು ಇಳಿಸುವುದಿಲ್ಲ. ಬೆನ್ನಿಗೆ ಸೂಜಿ ಚುಚ್ಚಿ ಇವತ್ತೇ ಅದನ್ನು ತೆಗೆಯಬೇಕು, ಇಲ್ಲದಿದ್ದರೆ ಒತ್ತಡಕ್ಕೆ ಕಣ್ಣು ಹೋಗುತ್ತದೆ, ಜೀವವೂ ಹೋದೀತು, ಎಂದ.

ನಿನಗೆ ಗೊತ್ತು, ನನ್ನ ಗಂಡ ಲಾಮೆಕ್ ಸತ್ತದ್ದು ಆ ಸೂಜಿಯ ಮಾರನೇ ದಿನ. ಚಪ್ಪರದಲ್ಲಿ ಗಂಜಿ ಕಾಯಿಸುವ ಹೆಂಗಸರೂ ಅದನ್ನೇ ಅಂದರು. ಮ್ವಾಂಜಾದಿಂದ ಬಂದ ಎಲುಬಿ ಎಂಬವಳು ಸೌಟು ಝಾಡಿಸಿ, "ಬೆನ್ನಿನ ನೀರು ತೆಗೆದ್ರೆ ಜೀವದ ನೀರೇ ತೆಗೆದಂಗೆ ಕಣೇ. ನಮ್ಮ ಸಾಲಲ್ಲಿ ಚುಚ್ಚಿಸ್ಕೊಂಡವ್ರು ಎಲ್ಲಿ? ಮಂಚ ಖಾಲಿ! ನಿಂಗೂ ಖಾಲಿ ಮಂಚ ಬೇಕಾ?" ಎಂದಳು. ನಾನು ಡಾಕ್ಟರಿಗೆ, "ಸೋದರಮಾವ ಒಪ್ಪದೆ ನಮ್ಮಲ್ಲಿ ಮಗುವಿನ ಮೈ ಮುಟ್ಟೋ ಹಾಗಿಲ್ಲ" ಎಂದೆ. ಅದು ಸುಳ್ಳಲ್ಲವಲ್ಲ, ಹೆಣ್ಣುಮಕ್ಕಳ ಮಕ್ಕಳಿಗೆಲ್ಲ ನಮ್ಮ ಸೋಸ್ತೆನಿ ಅಣ್ಣನೇ ಯಜಮಾನ. ಅವನೋ ಮೀನಿನ ವ್ಯಾಪಾರಕ್ಕೆ ಸರೋವರದ ಕಡೆ ಹೋಗಿದ್ದ. ಹಾಗಾಗಿ ಕಾದೆವು.

ಚಿಕೋಪಾ ದಿನಕ್ಕೆ ಮೂರು ಸಲ ಬರುತ್ತಿದ್ದ. "ಮಾವ ಏನಂದ್ರಮ್ಮಾ?" "ಇನ್ನೂ ಏನೂ ಅಂದಿಲ್ಲಪ್ಪಾ." ಬುಧವಾರ ಮಧ್ಯಾಹ್ನ ಬಾಗಿಲಿಂದ ಬಿಸಿಲು ನೇರ ಮಂಚಕ್ಕೆ ಬಿದ್ದಿತ್ತು. ತಕೋಂಡ್ವಾ ಕೈಯಾಡಿಸುತ್ತಾ, "ದೊಡ್ಡಮ್ಮಾ, ಕಿಟಕಿ ಯಾಕೆ ಮುಚ್ಚಿದೀಯ? ತೆಗಿಯೇ" ಎಂದಳು.

ಮಾರನೇ ದಿನ ಗುರುವಾರ ಅಣ್ಣ ಬಂದ, ಸಹಿ ಹಾಕಿದ, ಸೂಜಿ ಚುಚ್ಚಿದರು. ನೀರು ಚಿಮ್ಮಿತು ಎನಿಫಾ, ಕೊಳವೆ ಒಡೆದ ಹಾಗೆ. ಅರ್ಧ ಗಂಟೆಯಲ್ಲಿ ಮಗು ಎದ್ದು ಕೂತು ಗಂಜಿ ಕೇಳಿದಳು. ಸಾಯಲಿಲ್ಲ. ಆಮೇಲೆ ಮೂರು ಸಲ ಚುಚ್ಚಿದರು, ಆಗಲೂ ಸಾಯಲಿಲ್ಲ. ಆದರೆ ಒಣಗಿದ ನರ ಮತ್ತೆ ಚಿಗುರುವುದಿಲ್ಲ ಎಂದು ನಿನ್ನೆ ಕಣ್ಣಿನ ಡಾಕ್ಟರ್ ಹೇಳಿಹೋದಳು. ತಕೋಂಡ್ವಾಳ ಗಂಡ ಶನಿವಾರವೇ ಚಾಪೆ ಸುತ್ತಿಕೊಂಡು ಹೋದ.

ವಾರ್ಡಿನ ಹೆಂಗಸರು ಅಣ್ಣನನ್ನು ಬಿಡುತ್ತಿಲ್ಲ. "ಬಂದ್ನಪ್ಪ ಮಾವ, ಮೀನು ಮಾರಿ ಮುಗೀತಾ? ಸೊಸೆ ಕಣ್ಣಿಗೆಷ್ಟು ರೇಟು?" ಎಂದು ಎಲುಬಿ ಎದುರಿಗೇ ಆಡಿದಳು. ಅವನು ತಲೆ ತಗ್ಗಿಸಿ ಪಾತ್ರೆ ತೊಳೆಯುತ್ತಿದ್ದ.

ನಾನು ಪ್ರಾರ್ಥನೆಗೆ ಕೂರುತ್ತೇನೆ, ಅರ್ಧಕ್ಕೇ ಎದ್ದು ಒಲೆ ಊದಲು ಹೋಗುತ್ತೇನೆ. ಸಭೆಯ ಹೆಂಗಸರು ತಲೆಗೆ ಕಟ್ಟುವ ಬಿಳಿ ವಸ್ತ್ರವನ್ನು ಮಡಿಸಿ ಚೀಲದ ತಳಕ್ಕೆ ಹಾಕಿದ್ದೇನೆ. ನೀನು ಬಾ. ಕೆಲಸ ಹೋದರೆ ಹೋಗಲಿ. ದಾರಿಯುದ್ದಕ್ಕೂ ಕರ್ತನು ನಿನ್ನ ಚಕ್ರಗಳನ್ನು ಕಾಯಲಿ, ಗಡಿಯ ಕಾವಲುಗಾರರ ಮನಸ್ಸನ್ನು ಮೆತ್ತಗೆ ಮಾಡಲಿ.

ನಿನ್ನ ಅಕ್ಕ,
ಫಲೇಸಿ

ಇನ್ನೊಂದು ಮಾತು. ಕಾಗದ ಮಡಿಸಿ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಅಣ್ಣ ಆ ಸೋಮವಾರವೇ ಫೋನಿನಲ್ಲಿ, "ಚುಚ್ಚಿಸು ಫಲೇಸಿ, ನಾನು ಒಪ್ಪಿದೀನಿ, ತಡ ಮಾಡ್ಬೇಡ" ಎಂದಿದ್ದ. ಮಂಗಳವಾರ ಮತ್ತೆ ಕೇಳಿದ. "ಚುಚ್ಚಿದ್ರಣ್ಣಾ, ಆರಾಮಿದಾಳೆ" ಎಂದೆ. ಡಾಕ್ಟರಿಗೆ ಮಾವನ ಮಾತು ಬಂದಿಲ್ಲ ಎಂದೆ. ಆ ಸುಳ್ಳು ಹೇಳಿದ ಬಾಯಲ್ಲೇ ಕೀರ್ತನೆ ಹಾಡಿದೆ. ಗುರುವಾರ ಚಿಕೋಪಾ ಕಾಗದ ಚಾಚಿದಾಗ ಅಣ್ಣ ನನ್ನ ಮುಖವನ್ನು ಒಂದು ಸಲ ನೋಡಿದ, ಸುಮ್ಮನೆ ಸಹಿ ಹಾಕಿದ. ಅಂದಿನಿಂದ ಎಲ್ಲರ ಬೈಗುಳ ತಿನ್ನುತ್ತಿದ್ದಾನೆ. ಅವನು ತಡವಾಗಿ ಬಂದನೆಂದು ಯಾರಿಂದಲೋ ಕೇಳಿ ನೀನೂ ಫೋನ್ ಮಾಡಿ ಬೈದೆಯಂತೆ; ಕಣ್ಣಿನ ವಿಷಯ ಮಾತ್ರ ಅವನು ನಿನಗೆ ಹೇಳಲಿಲ್ಲವಂತೆ. ಬಂದಾಗ ಮೊದಲು ಅವನ ಕಾಲು ಹಿಡಿ. ನನ್ನನ್ನು ಏನು ಮಾಡಬೇಕೆಂದು ಆಮೇಲೆ ಯೋಚಿಸು. ತಕೋಂಡ್ವಾಳಿಗೆ ಇದೊಂದೂ ಗೊತ್ತಿಲ್ಲ. ಬೇರೆ ಯಾರು ಕೈ ಕೊಟ್ಟರೂ ಹೆಜ್ಜೆ ಇಡುವುದಿಲ್ಲ, ನನ್ನ ಕೈಯೇ ಬೇಕು ಎನ್ನುತ್ತಾಳೆ.