ಅವ್ವನ ಹಣೆಯ ಕುಂಕುಮ

ವಾಡಿ,
೧೪ ಜುಲೈ ೨೦೨೪

ಚಿ. ಸೌ. ಪ್ರಮಿತಾಳಿಗೆ ಅಕ್ಕನ ಆಶೀರ್ವಾದಗಳು.

ಅವ್ವ ಹೇಗಿದ್ದಾಳೆ ಎಂದು ನೀನು ಮೂರು ಸಲ ಕೇಳಿದೆ, ನಾನು ಹಾರಿಕೆಯ ಮಾತಾಡಿದೆ. ಫೋನಿನಲ್ಲಿ ಹೇಳಲಾಗದ್ದನ್ನು ಬರೆಯೋಣವೆಂದರೆ ಅದಕ್ಕೂ ತಿಂಗಳು ಹಿಡಿಯಿತು. ಸಿಟ್ಟಾಗಬೇಡ.

ಶಹಾಬಾದದ ಆ ಆರೈಕೆ ಮನೆ ಒಳ್ಳೆಯದೇ ಇದೆ. ಮರೆವಿನ ಕಾಯಿಲೆಯವರು ಎಂಟೇ ಜನ. ಅವ್ವನನ್ನು ನೋಡಿಕೊಳ್ಳುವ ಭೀಮಮ್ಮ ಮೊದಲ ದಿನವೇ ನನ್ನನ್ನು ಕೂರಿಸಿಕೊಂಡು, ಅವ್ವ ಎಷ್ಟೊತ್ತಿಗೆ ಏಳುತ್ತಾಳೆ, ಚಹಾಕ್ಕೆ ಸಕ್ಕರೆ ಎಷ್ಟು, ಏನಂದರೆ ಹೆದರುತ್ತಾಳೆ ಎಂದೆಲ್ಲ ಕೇಳಿ ಬರೆದುಕೊಂಡಳು. ಮನೆಯಲ್ಲಿ ನಾನು ಬೈದು ಮಾಡಿಸುತ್ತಿದ್ದ ಸ್ನಾನವನ್ನು ಅವಳು ಅವ್ವನಿಂದ ದೇವರ ಹಾಡು ಹೇಳಿಸುತ್ತಲೇ ಮುಗಿಸುತ್ತಾಳೆ. ನನಗೆ ತುಸು ಹೊಟ್ಟೆಕಿಚ್ಚೂ ಆಯಿತು.

ಕಳೆದ ತಿಂಗಳು ಹೋದಾಗ ಅವ್ವನ ಹಣೆಯ ಮೇಲೆ ಕಾಸಗಲ ಕುಂಕುಮ. ಅಪ್ಪ ಹೋಗಿ ಹನ್ನೆರಡು ವರ್ಷ. ನನ್ನ ಸ್ವಭಾವ ನಿನಗೆ ಗೊತ್ತಲ್ಲ, ಭೀಮಮ್ಮನ ಮೇಲೆ ಹರಿಹಾಯ್ದೆ. ಯಾರನ್ನು ಕೇಳಿ ಹಚ್ಚಿದೆ, ನಮ್ಮಲ್ಲಿ ಇದೆಲ್ಲ ನಡೆಯುವುದಿಲ್ಲ ಎಂದೆ.

ಅವಳು ದನಿ ಏರಿಸಲಿಲ್ಲ. "ಅಕ್ಕಾರ, ನಿಮ್ಮ ಅಪ್ಪಾರು ಹೋಗಿದ್ದು ಅಮ್ಮಾರಿಗಿ ನೆನಪಿಲ್ಲರಿ. ದಿನಾ ಮುಂಜಾನಿ ಕನ್ನಡಿಯಾಗ ಬರೀ ಹಣಿ ನೋಡಿ, ಇವತ್ತೇ ಹೋದ್ರು ಅಂತ ತಿಳ್ಕೊಂಡು ಭಾಳ ಅಳ್ತಿದ್ರು. ಕನ್ನಡಿ ತೆಗೆದಿಟ್ರ ಬೆರಳಿಲೆ ಹಣಿ ಮುಟ್ಟಿ ನೋಡ್ಕೊಳ್ಳಾಕತ್ತಿದ್ರು. ಈಗ ಯಜಮಾನ್ರು ಸಾಲಿಗಿ ಹೋಗ್ಯಾರ ಅಂತ ಅರಾಮ ಕುಂದರ್ತಾರ. ಒಬ್ಬಾಕಿ ಕುಂಕುಮ ಎಷ್ಟು ಸಲ ಅಳಿಸ್ಬೇಕ್ರಿ?"

ಅವ್ವನ ಪಾಲಿಗೆ ಅಪ್ಪ ಇನ್ನೂ ಚಿತ್ತಾಪುರದ ಶಾಲೆಯಲ್ಲಿ ಪಾಠ ಮಾಡುತ್ತಿದ್ದಾರೆ. ಈಗ ಭಾನುವಾರ ಹೋದಾಗ ಅವಳು ಕೇಳಿದರೆ ನಾನೂ "ಸಾಲಿ ಇನ್ನಾ ಬಿಟ್ಟಿಲ್ಲವ್ವಾ" ಎನ್ನುತ್ತೇನೆ. ನೀನು ಬಂದಾಗ ಅವಳ ಹಣೆ ನೋಡಿ ಬೆಚ್ಚಬೇಡ. ಸೊಲ್ಲಾಪುರದಿಂದ ಬರುವಾಗ ಒಳ್ಳೆಯ ಕುಂಕುಮ ಒಂದು ಡಬ್ಬಿ ತಾ.

ವಿಠ್ಠಲ ನಿನ್ನ ಮನೆಯನ್ನು ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ರಂಜನಾ

ತಾ.ಕ.: ಒಂದು ಮಾತು ಮೇಲೆ ಬರೆಯಲಿಲ್ಲ. ಭೀಮಮ್ಮ ಬಾಯಿ ತೆರೆಯುವ ಮೊದಲೇ ನಾನು ಸೆರಗಿನಿಂದ ಅವ್ವನ ಹಣೆ ಒರೆಸಿಬಿಟ್ಟಿದ್ದೆ. ಅವ್ವ ನನ್ನ ಸೆರಗಿನ ಕೆಂಪು ನೋಡಿದಳು. "ಯಾವಾಗ ಹೋದ್ರವ್ವಾ? ಊಟಾ ಮಾಡಿದ್ರೇನು?" ಎಂದು ಕೇಳಿದಳು. ಅಪ್ಪನ ಹತ್ತನೇ ದಿನ ಅವಳ ಕುಂಕುಮ ತೆಗೆಯುವುದನ್ನು ನೋಡಲಾರದೆ ನಾವಿಬ್ಬರೂ ಅಡುಗೆಮನೆಯ ಬಾಗಿಲು ಹಾಕಿಕೊಂಡು ಕುಳಿತಿದ್ದೆವಲ್ಲ, ಪ್ರಮಿ. ಈ ಸಲ ತೆಗೆದ ಕೈ ನನ್ನದು.