ಸಂಘದ ಮುಂದೆ ನನ್ನ ಕಿವಿ

ಕಿರುಗಾವಲು
೧೨ನೇ ಫೆಬ್ರವರಿ ೧೯೪೬

ನನ್ನ ಕಿವಿ ಹೊಲಿದ ಡಾಕ್ಟರವರಿಗೆ ಚಲುವಮ್ಮ ಮಾಡುವ ನಮಸ್ಕಾರ.

ಯಜಮಾನರಿಗೆ ಎಂದು ಬರೆಯೋಣವೆಂದುಕೊಂಡೆ, ಕೈ ಓಡಲಿಲ್ಲ. ವರ್ಷಗಟ್ಟಲೆ ತವರಿನಲ್ಲಿ ಬಿದ್ದಿರುವವಳನ್ನು ನೀವು ಈಗ ನೆನೆದಿದ್ದೀರಿ. ನಿಮ್ಮ ಕಾಗದ ಬಂದಾಗ ನಮ್ಮಣ್ಣ ಕೆಂಪಯ್ಯ, "ಅಂತೂ ಕರ್ಕೊಂಡೋಗಾಕೆ ಬತ್ತಾವ್ರೆ ಕಣಮ್ಮ" ಎಂದು ಹಿಗ್ಗಿಬಿಟ್ಟ. ಓದಿ ಹೇಳಿದ ಮೇಲೆ ಅವನು ಊಟಕ್ಕೇ ಏಳಲಿಲ್ಲ. ನಿಮಗೆ ಬೇಕಾದದ್ದು ನಾನಲ್ಲ, ನನ್ನ ಬಲಗಿವಿ.

ಮೈಸೂರಿನಲ್ಲಿ ಶಸ್ತ್ರವೈದ್ಯರ ಸಂಘವಿದೆಯಂತೆ. ಕೆಟ್ಟ ಮೂಗು, ಕಿವಿ, ತುಟಿಗಳನ್ನು ಚೆಂದ ಮಾಡುವ ವಿದ್ಯೆ ಕಲಿಯುತ್ತಿರುವ ನಿಮ್ಮಂಥ ಹೊಸಬರು ಅದರ ಸದಸ್ಯರಾಗಬೇಕಾದರೆ, ತಾವು ವಾಸಿಮಾಡಿದ ರೋಗಿಯನ್ನು ಹಿರಿಯ ವೈದ್ಯರ ಮುಂದೆ ಕೂರಿಸಬೇಕಂತೆ. ಸದಸ್ಯರಾದರೆ ಮದರಾಸಿನ ದೊಡ್ಡ ಡಾಕ್ಟರ ಕೈಕೆಳಗೆ ಕಲಿಯಲು ಕಳಿಸುತ್ತಾರಂತೆ. ಆಗದಿದ್ದರೆ ಹುಣ್ಣು ತೊಳೆಯುತ್ತಾ ಇದ್ದಲ್ಲೇ ಕೊಳೆಯಬೇಕಂತೆ. ಎಲ್ಲ ಬಿಡಿಸಿ ಬರೆದಿದ್ದೀರಿ. ಎತ್ತು ತಿವಿದು ಕಿವಿ ಹರಿಯಿತು ಎಂದು ನಾನು ಹೇಳಬೇಕು, ನಿಮ್ಮ ಹೆಂಡತಿ ಎಂದು ಮಾತ್ರ ಹೇಳಬಾರದು. ಅಷ್ಟೇ ತಾನೇ? ಪಾಪ, ನಮ್ಮ ಎತ್ತುಗಳು ಇದುವರೆಗೆ ಯಾರ ಮೈಮೇಲೂ ಹೋದದ್ದಿಲ್ಲ.

ಮದ್ದೂರಿನ ಮನೆಗೆ ನಿಮ್ಮ ಸ್ನೇಹಿತರು ಹೆಂಡತಿಯನ್ನು ಕರೆದುಕೊಂಡು ಬಂದ ದಿನ ನಿಮಗೆ ಮರೆತಿರಬಹುದು. ನಮ್ಮವ್ವ ಹಾಕಿದ ದಪ್ಪ ಓಲೆ ಕಂಡು ನಿಮಗೆ ನಾಚಿಕೆಯಾಯಿತು. ಅಡಿಗೆಮನೆಗೆ ಬಂದು ಬಿಚ್ಚು ಎಂದಿರಿ. ಬಿಚ್ಚುವುದಿಲ್ಲ ಎಂದೆ. ಕಿತ್ತುಕೊಂಡಿರಿ. ಕಿವಿಯ ಹಾಲೆ ಸೀಳಿಹೋಯಿತು. ನಾನು ಸೆರಗನ್ನು ಕಿವಿಗೆ ಒತ್ತಿಕೊಂಡೇ ಅವರಿಗೆ ಕಾಫಿ ಕೊಟ್ಟೆ. ಅವರು ಹೋದ ಮೇಲೆ ರೇಷ್ಮೆ ಎಳೆಯಲ್ಲಿ ಹೊಲಿದಿರಿ. ಹೊಲಿದು ಮುಗಿಸಿ, ನನ್ನ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿ, "ಗುರ್ತೇ ಕಾಣಾಕಿಲ್ಲ ನೋಡು" ಎಂದು ನಕ್ಕಿರಿ. ನಿಮ್ಮ ಕೈಗುಣ ದೊಡ್ಡದು, ಇಲ್ಲವೆನ್ನಲಾರೆ. ಆ ನಗುವನ್ನು ಮಾತ್ರ ನಾನು ಇನ್ನೂ ಮರೆತಿಲ್ಲ. ಹೊಲಿಗೆ ಬಿಚ್ಚಿದ ಮೇಲೆ ನನ್ನನ್ನು ತವರಿಗೆ ಅಟ್ಟಿ, ಮಂಡ್ಯದ ಮಂಗಳಮ್ಮನನ್ನು ಕಟ್ಟಿಕೊಂಡಿರಿ.

ನಾನು ಬರುತ್ತೇನೆ. ಕಿವಿ ತೋರಿಸುತ್ತೇನೆ. ಹೇಗಾಯಿತಮ್ಮ ಎಂದು ಹಿರಿಯರು ಕೇಳಿದರೆ, ಗಂಡನೇ ಹರಿದದ್ದು ಎನ್ನುತ್ತೇನೆ. ಯಾರು ನಿನ್ನ ಗಂಡ ಎಂದರೆ ಹಳ್ಳಿ ಹೆಂಗಸು ಗಂಡನ ಹೆಸರೆತ್ತುವುದಿಲ್ಲ, ತಲೆ ತಗ್ಗಿಸಿ ಕೂರುತ್ತಾಳೆ ಎಂದು ನೀವು ನೆಚ್ಚಿಕೊಂಡಿದ್ದೀರಿ. ಇಲ್ಲಿಯವರೆಗೆ ನಾನೂ ಎತ್ತಿದವಳಲ್ಲ. ಈಗ ದಿನಾ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಾ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡುತ್ತಿದ್ದೇನೆ. ಮೊದಲು ನಾಲಗೆ ತೊದಲಿತು. ಈಗ ಸಲೀಸಾಗಿ ಬರುತ್ತದೆ: ಮರಿಸಿದ್ದಯ್ಯ.

ಬರಬೇಡ ಎಂದು ತಂತಿ ಕೊಟ್ಟರೂ ಬರುತ್ತೇನೆ. ಸಂಘದ ವಿಳಾಸ ನೀವೇ ಬರೆದುಕೊಟ್ಟಿದ್ದೀರಿ. ಹೆದರಿ ಹಿಂದೆಗೆದರೂ ನೀವು ಸದಸ್ಯರಾಗುವುದಿಲ್ಲ. ಎರಡರಲ್ಲಿ ಯಾವುದು ಮೇಲು ಎಂದು ಯೋಚಿಸುತ್ತಾ ಭಾನುವಾರದ ಸಭೆಯವರೆಗೆ ನಿದ್ದೆಗೆಡಿ.

ಇಂತಿ,
ನಿಮ್ಮ ಕೈಯಿಂದಲೇ ಗಾಯವಾಗಿ ನಿಮ್ಮ ಕೈಯಿಂದಲೇ ವಾಸಿಯಾದ
ಚಲುವಮ್ಮ

ಇನ್ನೊಂದು ಮಾತು: ಮಂಗಳಮ್ಮನನ್ನು ಎಲ್ಲೆಲ್ಲೋ ಹುಡುಕಿಸಬೇಡಿ. ನಿನ್ನೆ ತಲೆತುಂಬ ಸೆರಗು ಹೊದ್ದು ಮೋಟಾರಿನಿಂದ ಇಳಿದು ನೇರ ನಮ್ಮ ಮನೆಗೆ ಬಂದಳು. ಒಳಗೆ ಬಂದು ಸೆರಗು ಸರಿಸಿದಳು. ಅವಳದು ಎಡಗಿವಿ. "ಮುಚ್ಕಂಡಿದ್ದು ಸಾಕು ಕಣಕ್ಕ, ನಾನೂ ಬತ್ತೀನಿ" ಎಂದಳು. ಅವಳದನ್ನು ನೀವಿನ್ನೂ ಹೊಲಿದಿಲ್ಲ. ಹೊಲಿಯುವ ಮೊದಲು ಕಿವಿ ಹೇಗಿತ್ತು ಎಂದು ಹಿರಿಯರು ಕೇಳಿದರೆ, ಅವಳನ್ನು ನನ್ನ ಪಕ್ಕದಲ್ಲಿ ಕೂರಿಸುತ್ತೇನೆ.